ಸದ್ದು ಎಷ್ಟು ದೂರ ಹೋಗುತ್ತೆ? ಫ್ರಾಂಕ್ಲಿನ್ ಹೆಜ್ಜೆಯಿಂದ ಟೋಂಗಾ ಜ್ವಾಲಾಮುಖಿವರೆಗೆ

2020ರ ಮೇ 20 ನೆನಪಿದೆಯಾ? ಲಾಕ್‌ಡೌನ್ ಕಾಲ, ಎಲ್ಲರೂ ಮನೆಯಿಂದಲೇ ಕೆಲಸ. ಅವತ್ತು ಮಧ್ಯಾಹ್ನ ಬೆಂಗಳೂರಿನಲ್ಲಿ ಒಂದು ಭಾರೀ ಸದ್ದು ಕೇಳಿಸಿತು, ಕಿಟಕಿ ಬಾಗಿಲು ಅದುರಿದವು. ಪುಣೆ, ಹೈದರಾಬಾದ್, ಚೆನ್ನೈನಲ್ಲಿ ಕೂತಿದ್ದ ನಮ್ಮಂಥವರು ಮೀಟಿಂಗ್ ಮಧ್ಯದಲ್ಲೇ ಊರಿಗೆ ಫೋನ್ ಮಾಡಿದ್ವಿ. ಭೂಕಂಪ ಅಂದವರೆಷ್ಟೋ, ಸಿಲಿಂಡರ್ ಸಿಡಿದಿರಬೇಕು ಅಂದವರೆಷ್ಟೋ. ಆಮೇಲೆ ರಕ್ಷಣಾ ಇಲಾಖೆ ಸ್ಪಷ್ಟನೆ ಕೊಟ್ಟಿತು: ಅದು ವಾಯುಪಡೆಯ ಪರೀಕ್ಷಾ ಹಾರಾಟ. ವಿಮಾನ ಶಬ್ದಕ್ಕಿಂತ ಹೆಚ್ಚಿನ ವೇಗದಿಂದ ಕಡಿಮೆ ವೇಗಕ್ಕೆ ಇಳಿಯುವಾಗ, 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ಆದ ಸದ್ದು. ವಿಮಾನ ಊರ ಹೊರಗೆ ದೂರದಲ್ಲಿತ್ತು, ಇಂಥ ಸದ್ದು 65ರಿಂದ 80 ಕಿಲೋಮೀಟರ್ ದೂರಕ್ಕೂ ಕೇಳಿಸಬಹುದು ಅಂತ ಅದರಲ್ಲಿತ್ತು.

ಪಕ್ಕದ ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿದ್ದು ನಮಗೆ ಕೇಳಿಸಲ್ಲ, 80 ಕಿಲೋಮೀಟರ್ ದೂರದ ಸದ್ದು ಕೇಳಿಸುತ್ತೆ. ಹಾಗಾದ್ರೆ ದೂರ ಹೋದಂತೆ ಸದ್ದು ಎಷ್ಟು ಕಡಿಮೆಯಾಗುತ್ತೆ? ಈ ಪ್ರಶ್ನೆ ಇಟ್ಟುಕೊಂಡು ಸುಮಾರು 300 ವರ್ಷದಿಂದ ಜನ ತಲೆ ಕೆಡಿಸಿಕೊಂಡಿದ್ದಾರೆ. ಉತ್ತರ ತಿಳಿಯದೆ ಯುದ್ಧ ಕೆಟ್ಟದ್ದೂ ಇದೆ.

ಮೊದಲು ಪಿಯುಸಿ ಲೆಕ್ಕ, ಬೇಗ ಮುಗಿಸೋಣ. ಒಂದು ಕಡೆ ಸದ್ದಾದರೆ ಅದರ ಶಕ್ತಿ ಗೋಳದ ಹಾಗೆ ಸುತ್ತಲೂ ಹರಡುತ್ತೆ. ಇದ್ದ ಶಕ್ತಿ ಅಷ್ಟೇ, ಅದನ್ನು ಹಂಚಿಕೊಳ್ಳುವ ಗೋಳದ ಮೇಲ್ಮೈ ಮಾತ್ರ ದೊಡ್ಡದಾಗುತ್ತಾ ಹೋಗುತ್ತೆ. ತ್ರಿಜ್ಯ ಎರಡು ಪಟ್ಟಾದರೆ ಮೇಲ್ಮೈ ನಾಲ್ಕು ಪಟ್ಟು, ಅಂದ್ರೆ ತೀವ್ರತೆ ಕಾಲು ಭಾಗ. ಹತ್ತು ಪಟ್ಟು ದೂರಕ್ಕೆ ನೂರನೇ ಒಂದು ಭಾಗ. ಇದೇ ವಿಲೋಮ ವರ್ಗ ನಿಯಮ. ಬೆಳಕಿಗೆ ಇದನ್ನು ಕೆಪ್ಲರ್ 1604ರಲ್ಲೇ ಹೇಳಿದ್ದ. ಡೆಸಿಬಲ್ ಭಾಷೆಯಲ್ಲಿ, ದೂರ ದುಪ್ಪಟ್ಟಾದಾಗಲೆಲ್ಲ 6 ಡೆಸಿಬಲ್ ಇಳಿಕೆ, ಹತ್ತು ಪಟ್ಟಾದರೆ 20 ಡೆಸಿಬಲ್. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಈಗ 1739ರ ಫಿಲಡೆಲ್ಫಿಯಾಗೆ ಹೋಗೋಣ. ಜಾರ್ಜ್ ವೈಟ್‌ಫೀಲ್ಡ್ ಅಂತ ಒಬ್ಬ ಇಂಗ್ಲಿಷ್ ಪಾದ್ರಿ ಅಲ್ಲಿಗೆ ಬಂದಿದ್ದ. ಮೈಕ್ ಇಲ್ಲದ ಕಾಲ. ಆದರೂ ಇಂಗ್ಲೆಂಡಿನಲ್ಲಿ ಬಯಲಲ್ಲಿ ನಿಂತು 25 ಸಾವಿರ ಜನಕ್ಕೆ ಉಪದೇಶ ಮಾಡಿದ ಅಂತ ಪತ್ರಿಕೆಗಳಲ್ಲಿ ಬರ್ತಿತ್ತು. ಬೆಂಜಮಿನ್ ಫ್ರಾಂಕ್ಲಿನ್ ಆಗ ಆ ಊರಿನ ಮುದ್ರಕ. ಅವನಿಗೆ ಅನುಮಾನ, ಒಬ್ಬ ಮನುಷ್ಯನ ಗಂಟಲು 25 ಸಾವಿರ ಜನಕ್ಕೆ ಮುಟ್ಟುತ್ತಾ ಅಂತ. ಅನುಮಾನ ಇಟ್ಟುಕೊಂಡು ಅವನು ಸುಮ್ಮನೆ ಕೂರಲಿಲ್ಲ, ಅದಕ್ಕೇ ಈ ಮನುಷ್ಯನನ್ನು ಕಂಡರೆ ನನಗೆ ಇಷ್ಟ. ವೈಟ್‌ಫೀಲ್ಡ್ ಮಾರ್ಕೆಟ್ ಸ್ಟ್ರೀಟ್‌ನಲ್ಲಿ, ಸೆಕೆಂಡ್ ಸ್ಟ್ರೀಟ್ ಕೂಡುವ ಜಾಗದಲ್ಲಿ, ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಮಾತಾಡ್ತಿದ್ದ. ಜನ ಎರಡೂ ಬೀದಿಯಲ್ಲಿ ತುಂಬಿದ್ದರು. ಫ್ರಾಂಕ್ಲಿನ್ ಗುಂಪಿನ ಕೊನೆಯಲ್ಲಿದ್ದವನು ಹಿಂದಕ್ಕೆ ಹೆಜ್ಜೆ ಹಾಕುತ್ತಾ ನದಿಯ ಕಡೆ ಹೋದ. ಫ್ರಂಟ್ ಸ್ಟ್ರೀಟ್ ಹತ್ತಿರ ಬರೋವರೆಗೂ ಮಾತು ಸ್ಪಷ್ಟವಾಗಿ ಕೇಳಿಸ್ತು. ಅಲ್ಲಿ ಬೀದಿ ಗದ್ದಲ ಅದನ್ನು ಮುಚ್ಚಿಹಾಕಿತು.

ಆ ದೂರವನ್ನೇ ತ್ರಿಜ್ಯ ಮಾಡಿಕೊಂಡು ಮನಸ್ಸಿನಲ್ಲಿ ಒಂದು ಅರ್ಧವೃತ್ತ ಎಳೆದ. ಒಬ್ಬೊಬ್ಬರಿಗೆ ಎರಡು ಚದರ ಅಡಿ ಜಾಗ ಕೊಟ್ಟ. 30 ಸಾವಿರಕ್ಕೂ ಹೆಚ್ಚು ಜನ ಕೇಳಬಹುದು ಅಂತ ಉತ್ತರ ಬಂತು. ಹಳೇ ಇತಿಹಾಸದಲ್ಲಿ ಸೇನಾಪತಿಗಳು ಇಡೀ ಸೈನ್ಯಕ್ಕೆ ಭಾಷಣ ಮಾಡಿದ ಕತೆಗಳನ್ನೂ ಅವತ್ತಿನಿಂದ ನಂಬಿದೆ ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ನಮಗೆ ಉತ್ತರ ಸಿಕ್ಕರೆ ಸಾಲದಲ್ಲ, ಹಿಂದಿನಿಂದ ಚೆಕ್ ಮಾಡುವ ಚಾಳಿ. 30 ಸಾವಿರ ಜನ, ತಲಾ ಎರಡು ಚದರ ಅಡಿ, ಒಟ್ಟು 60 ಸಾವಿರ ಚದರ ಅಡಿ. ಅಷ್ಟು ವಿಸ್ತೀರ್ಣದ ಅರ್ಧವೃತ್ತದ ತ್ರಿಜ್ಯ ಸುಮಾರು 195 ಅಡಿ, 60 ಮೀಟರ್. ಇವತ್ತಿನ ಮ್ಯಾಪ್ ತೆಗೆದು ನೋಡಿದರೆ ಸೆಕೆಂಡ್ ಸ್ಟ್ರೀಟ್‌ನಿಂದ ಫ್ರಂಟ್ ಸ್ಟ್ರೀಟ್‌ಗೆ ಅದರ ದುಪ್ಪಟ್ಟಿಗೂ ಜಾಸ್ತಿ ದೂರ ಇದೆ. ತ್ರಿಜ್ಯ ದುಪ್ಪಟ್ಟಾದರೆ ಜನ ನಾಲ್ಕು ಪಟ್ಟಾಗಬೇಕಿತ್ತು. ಅಂದ್ರೆ ಫ್ರಾಂಕ್ಲಿನ್ ಹೇಳಿದ ‘ಹೆಚ್ಚು’ ಅನ್ನೋ ಪದ ತುಂಬಾನೇ ಭಾರ ಹೊತ್ತಿದೆ! ಇತ್ತೀಚೆಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಆ ಬೀದಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡಿದ್ದಾರೆ. ಅವರ ಅಂದಾಜಿನಲ್ಲಿ ವೈಟ್‌ಫೀಲ್ಡ್ ದನಿ ಒಂದು ಮೀಟರ್ ದೂರದಲ್ಲಿ ಸುಮಾರು 90 ಡೆಸಿಬಲ್. ನಮ್ಮ ನಿಯಮ ಹಾಕಿದರೆ 60 ಮೀಟರ್‌ನಲ್ಲಿ 54, 120 ಮೀಟರ್‌ನಲ್ಲಿ 48. ಪಕ್ಕದಲ್ಲಿ ಯಾರೂ ಕೆಮ್ಮದಿದ್ದರೆ ಕೇಳಿಸುತ್ತೆ. ಗದ್ದಲ ಶುರುವಾದ ತಕ್ಷಣ ಹೋಯ್ತು. ಫ್ರಾಂಕ್ಲಿನ್ ಬರೆದದ್ದೂ ಅದನ್ನೇ.

ಗೋಳದ ಹಾಗೆ ಹರಡಲು ಬಿಡದಿದ್ದರೆ ಏನಾಗುತ್ತೆ ಅನ್ನೋದನ್ನ ನಮ್ಮ ವಿಜಯಪುರದ ಗೋಳಗುಮ್ಮಟದಲ್ಲಿ ಎಲ್ಲರೂ ಕೇಳಿದ್ದೀವಿ. ಶಾಲೆ ಪ್ರವಾಸದಲ್ಲಿ ಮೆಟ್ಟಿಲು ಹತ್ತಿ, ಮೇಲಿನ ಪಡಸಾಲೆಯಲ್ಲಿ ಗೋಡೆಗೆ ಬಾಯಿ ಹತ್ತಿರ ಇಟ್ಟು ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳಿಸುತ್ತೆ. ಗುಮ್ಮಟದ ಒಳವ್ಯಾಸವೇ ಸುಮಾರು 38 ಮೀಟರ್. ಬಯಲಲ್ಲಿ ಆ ಪಿಸುಮಾತು ಅಷ್ಟು ದೂರದಲ್ಲಿ ಸತ್ತೇಹೋಗಿರುತ್ತೆ. ಇಂಥ ಪಡಸಾಲೆಗಳಲ್ಲಿ ಸದ್ದು ಬಾಗಿದ ಗೋಡೆಗೆ ಅಂಟಿಕೊಂಡ ಹಾಗೆ ಸಾಗುತ್ತೆ ಅಂತ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ವಿಚಾರದಲ್ಲಿ ಲಾರ್ಡ್ ರೇಲಿ ಹೇಳಿದ್ದ. ನಮ್ಮ ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲಿ ಇದರ ಮೇಲೆ ಕೆಲಸ ಮಾಡಿದಾಗ ಗೋಳಗುಮ್ಮಟವೂ ಅವರ ಪಟ್ಟಿಯಲ್ಲಿತ್ತು. ಇದರ ಬಗ್ಗೆ ಒಂದು ಪೂರ್ತಿ ವಿಡಿಯೋನೇ ಮಾಡಬೇಕು, ಇವತ್ತು ಬೇಡ.

ಡೆಸಿಬಲ್ ಅಂತ ಆಗಿಂದ ಹೇಳ್ತಿದ್ದೀನಲ್ಲ, ಅದು ಎಲ್ಲಿಂದ ಬಂತು? ನಮ್ಮ ಕೆಲಸದವರಿಗೆ ಇದು ಹತ್ತಿರದ ಕತೆ, ಯಾಕಂದ್ರೆ ಅದು ಹುಟ್ಟಿದ್ದು ನೆಟ್‌ವರ್ಕ್ ಎಂಜಿನಿಯರುಗಳ ಮೇಜಿನ ಮೇಲೆ. ಅಮೆರಿಕದ ಬೆಲ್ ಟೆಲಿಫೋನ್ ವ್ಯವಸ್ಥೆಯವರಿಗೆ ಒಂದೇ ಚಿಂತೆ: ತಂತಿ ಉದ್ದವಾದಂತೆ ಮಾತು ಕ್ಷೀಣಿಸುತ್ತೆ, ಎಷ್ಟು ಕ್ಷೀಣಿಸಿತು ಅಂತ ಹೇಳೋದು ಹೇಗೆ? ಅವರು ಇಟ್ಟುಕೊಂಡಿದ್ದ ಅಳತೆಯ ಹೆಸರೇ ‘ಒಂದು ಮೈಲಿ ಸ್ಟ್ಯಾಂಡರ್ಡ್ ಕೇಬಲ್’. ಈ ಲೈನಿನಲ್ಲಿ 20 ಮೈಲಿ ನಷ್ಟ ಇದೆ ಅಂದ್ರೆ, 20 ಮೈಲಿ ಮಾದರಿ ಕೇಬಲ್ ದಾಟಿದಷ್ಟು ಸದ್ದು ಕಡಿಮೆಯಾಗಿದೆ ಅಂತ ಅರ್ಥ. ಒಂದು ಮೈಲಿಯ ನಷ್ಟ ಅಂದ್ರೆ ಸಾಮಾನ್ಯ ಕಿವಿಗೆ ಗೊತ್ತಾಗುವ ಅತಿ ಚಿಕ್ಕ ವ್ಯತ್ಯಾಸದ ಆಸುಪಾಸು. ಆದರೆ ಈ ನಷ್ಟ ಧ್ವನಿಯ ಆವರ್ತನಕ್ಕೆ ತಕ್ಕಂತೆ ಬದಲಾಗ್ತಿತ್ತು. ಹಾಗಾಗಿ 1920ರ ದಶಕದ ಮಧ್ಯದಲ್ಲಿ ಅದನ್ನು ಬಿಟ್ಟು, ಲಾಗರಿದಮ್ ಮೇಲೆ ನಿಂತ ‘ಟ್ರಾನ್ಸ್‌ಮಿಷನ್ ಯೂನಿಟ್’ ತಂದರು. 1928ರಲ್ಲಿ, ಆಗಷ್ಟೇ ಕೆಲವು ವರ್ಷದ ಹಿಂದೆ ತೀರಿಕೊಂಡಿದ್ದ ಗ್ರಹಾಂ ಬೆಲ್ ಹೆಸರು ಸೇರಿಸಿ ಅದನ್ನು ಡೆಸಿಬಲ್ ಅಂತ ಕರೆದರು. ಬೆಲ್ ಅನ್ನೋ ಪೂರ್ತಿ ಅಳತೆ ತೀರಾ ದೊಡ್ಡದು, ಅದರ ಹತ್ತನೇ ಒಂದು ಭಾಗವೇ ಬಳಕೆಗೆ ಬಂತು.

ಇಲ್ಲಿ ಒಂದು ಸೂಕ್ಷ್ಮ ಇದೆ, ತುಂಬಾ ಜನ ಗಮನಿಸಲ್ಲ. ಕೇಬಲಿನಲ್ಲಿ ಪ್ರತಿ ಮೈಲಿಗೂ ಅಷ್ಟೇ ಡೆಸಿಬಲ್ ನಷ್ಟ. ಗಾಳಿಯಲ್ಲಿ ಹಾಗಲ್ಲ, ಪ್ರತಿ ದುಪ್ಪಟ್ಟು ದೂರಕ್ಕೆ ಅಷ್ಟೇ ನಷ್ಟ. ಸ್ಪೀಕರಿನಿಂದ ಒಂದು ಮೀಟರ್‌ನಲ್ಲಿದ್ದವನು ಒಂದೇ ಹೆಜ್ಜೆ ಹಿಂದೆ ಹೋದರೆ 6 ಡೆಸಿಬಲ್ ಉಳಿಸಿಕೊಂಡ. 200 ಮೀಟರ್ ದೂರದಲ್ಲಿ ಮನೆ ಮಾಡಿದವನು ಅಷ್ಟೇ ಲಾಭ ಬೇಕಂದ್ರೆ ಇನ್ನೂ 200 ಮೀಟರ್ ಆಚೆ ಮನೆ ಹುಡುಕಬೇಕು. ಅದೂ ಅರ್ಧ ಕಡಿಮೆ ಆದ ಹಾಗೆ ಕಿವಿಗೆ ಅನಿಸಲ್ಲ, ಅರ್ಧ ಅನಿಸೋಕೆ ಸುಮಾರು 10 ಡೆಸಿಬಲ್ ಇಳಿಯಬೇಕು. ಮುಂಬೈ, ಪುಣೆಯಲ್ಲಿ ಬಾಡಿಗೆ ಮನೆ ನೋಡುವಾಗ ‘ಮೈದಾನ ಸ್ವಲ್ಪ ದೂರ ಇದೆ ಬಿಡಿ’ ಅಂತ ಬ್ರೋಕರ್ ಹೇಳ್ತಾನಲ್ಲ, ಆಗ ಈ ಲೆಕ್ಕ ನೆನಪಿರಲಿ.

ನಮ್ಮ ಕಾನೂನಿನಲ್ಲೂ ಒಂದು ದೂರ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ಅಲ್ಲಿ ಹಗಲು 50, ರಾತ್ರಿ 40 ಡೆಸಿಬಲ್ ಮಿತಿ. ಈ 100 ಮೀಟರ್ ಸಾಕಾ? ಒಂದು ಮೀಟರ್‌ನಲ್ಲಿ 90 ಡೆಸಿಬಲ್ ಇರುವ ವೈಟ್‌ಫೀಲ್ಡ್ ಗಂಟಲಾದರೆ 100 ಮೀಟರ್‌ಗೆ ಸರಿಯಾಗಿ 50ಕ್ಕೆ ಬರುತ್ತೆ, ಹಗಲಿಗೆ ಸಾಕು. ಆದರೆ ಪುಣೆಯಲ್ಲೂ ಬೆಳಗಾವಿ ಕಡೆಯಲ್ಲೂ ಜನ ‘ಡಾಲ್ಬಿ’ ಅಂತ ಕರೆಯುವ ಸ್ಪೀಕರ್ ಗೋಡೆ (ಆ ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ) ಒಂದು ಮೀಟರ್‌ನಲ್ಲಿ 120 ಕೊಡುತ್ತೆ ಅಂತಿಟ್ಟುಕೊಳ್ಳಿ. 100 ಮೀಟರ್‌ನಲ್ಲಿ ಇನ್ನೂ 80 ಉಳಿದಿರುತ್ತೆ. ಬರೀ ದೂರದಿಂದಲೇ 50ಕ್ಕೆ ಇಳಿಸಬೇಕಂದ್ರೆ 3 ಕಿಲೋಮೀಟರಿಗೂ ಆಚೆ ಹೋಗಬೇಕು. ನಡುವೆ ಕಟ್ಟಡಗಳು ಅಡ್ಡ ಬರುತ್ತವೆ, ಲೆಕ್ಕ ಅಷ್ಟು ಕೆಟ್ಟದಿರಲ್ಲ, ಒಪ್ಪಿದೆ. ಆದರೆ ಕೆಟ್ಟದಾಗಿಸುವ ಸಂಗತಿಯೂ ಇದೆ. ಮೆರವಣಿಗೆಯಲ್ಲಿ ಒಂದರ ಹಿಂದೆ ಒಂದು ಟ್ರಕ್ ನಿಂತರೆ ಅದು ಚುಕ್ಕೆಯಲ್ಲ, ಉದ್ದನೆಯ ಗೆರೆ. ಗೆರೆಯಿಂದ ಹೊರಟ ಸದ್ದು ಕೊಳವೆಯ ಹಾಗೆ ಹರಡುತ್ತೆ, ಹತ್ತಿರದಲ್ಲಿ ದುಪ್ಪಟ್ಟು ದೂರಕ್ಕೆ 3 ಡೆಸಿಬಲ್ ಮಾತ್ರ ಇಳಿಯುತ್ತೆ. ಬೈಪಾಸ್ ರಸ್ತೆ ಪಕ್ಕದ ಅಪಾರ್ಟ್‌ಮೆಂಟುಗಳಲ್ಲಿ ಸದ್ದು ಕಡಿಮೆಯಾಗದಿರೋದಕ್ಕೂ ಇದೇ ಕಾರಣ. ಬೆಂಗಳೂರಿನ ಆ ವಿಮಾನದ್ದೂ ಇದರ ಸೋದರಸಂಬಂಧಿ: ಹಾರುವ ದಾರಿಯುದ್ದಕ್ಕೂ ಶಂಕುವಿನ ಹಾಗೆ ಹರಡುವ ಅಲೆ, ಗೋಳಕ್ಕಿಂತ ನಿಧಾನವಾಗಿ ಇಳಿಯುತ್ತೆ. ಅದೇ ನಿಯಮಗಳಲ್ಲಿ ಧ್ವನಿವರ್ಧಕ ಇಟ್ಟ ಸಾರ್ವಜನಿಕ ಜಾಗದ ಗಡಿಯಲ್ಲಿ ಸದ್ದು 75 ಡೆಸಿಬಲ್ ಮೀರಬಾರದು ಅಂತಲೂ ಇದೆ. ನನ್ನ ಪ್ರಕಾರ ಆಸ್ಪತ್ರೆಯ ರೋಗಿಗಳನ್ನು ಕಾಪಾಡೋದು ಆ ಸಾಲು, 100 ಮೀಟರ್ ಅಲ್ಲ.

ದೂರದ ಡೋಲಿನಲ್ಲಿ ಧಮ್ ಧಮ್ ಮಾತ್ರ ಬಂದು ತಾಳದ ಕಿಣಿಕಿಣಿ ಯಾಕೆ ಬರಲ್ಲ? ಗೋಳದ ಲೆಕ್ಕ ಎರಡಕ್ಕೂ ಒಂದೇ. ವ್ಯತ್ಯಾಸ ತರೋದು ಗಾಳಿ ನುಂಗುವ ಪಾಲು. ಸ್ನಿಗ್ಧತೆಯಿಂದ ಶಕ್ತಿ ಶಾಖವಾಗುತ್ತೆ ಅಂತ ಸ್ಟೋಕ್ಸ್ 1845ರಲ್ಲಿ ತೋರಿಸಿದ, ಕಿರ್ಚಾಫ್ 1868ರಲ್ಲಿ ಉಷ್ಣವಹನದ ಪಾಲು ಸೇರಿಸಿದ, ತೇವಾಂಶ ಎಷ್ಟು ದೊಡ್ಡ ಪಾತ್ರ ವಹಿಸುತ್ತೆ ಅನ್ನೋದು ಗೊತ್ತಾಗಿದ್ದು 1930ರ ದಶಕದಲ್ಲಿ. ಸಾಮಾನ್ಯ ಹವೆಯಲ್ಲಿ 100 ಹರ್ಟ್ಸ್ ಸದ್ದು ಕಿಲೋಮೀಟರಿಗೆ ಅರ್ಧ ಡೆಸಿಬಲ್ ಕೂಡ ಕಳಕೊಳ್ಳಲ್ಲ. 1000 ಹರ್ಟ್ಸ್ ಸುಮಾರು 5, 4000 ಹರ್ಟ್ಸ್ 20ರಿಂದ 30. ದೂರ ಅನ್ನೋದು ಒಂದು ಫಿಲ್ಟರ್ ಥರ ಕೆಲಸ ಮಾಡುತ್ತೆ.

ಇಷ್ಟು ಮಾತ್ರ ಆಗಿದ್ರೆ ಕತೆ ಸುಲಭ ಇತ್ತು. 1862ರ ಮೇ 31, ಅಮೆರಿಕದ ಅಂತರ್ಯುದ್ಧ, ರಿಚ್ಮಂಡ್ ಹತ್ತಿರ ಸೆವೆನ್ ಪೈನ್ಸ್. ದಕ್ಷಿಣದ ಸೇನಾಪತಿ ಜೋಸೆಫ್ ಜಾನ್‌ಸ್ಟನ್. ಅವನ ಯೋಜನೆಯಲ್ಲಿ ಒಂದು ದಳ ಮೊದಲು ಕಾದಾಟ ಶುರು ಮಾಡಬೇಕು, ಬಂದೂಕಿನ ಸದ್ದು ಕೇಳಿದ ಮೇಲೆ ಉಳಿದವರು ನುಗ್ಗಬೇಕು. ಅವನಿದ್ದ ಜಾಗ ರಣರಂಗದಿಂದ ಮೂರು ಮೈಲಿಯೊಳಗೇ ಇತ್ತು. ಸಾವಿರಾರು ಬಂದೂಕುಗಳು ಮಧ್ಯಾಹ್ನದಿಂದ ಹೊಡೀತಿದ್ದರೂ ಅವನ ಕಿವಿಗೆ ಬೀಳಲಿಲ್ಲ. ಆಗೀಗ ಕೇಳಿದ್ದನ್ನು ಬರೀ ಫಿರಂಗಿ ಅಂದುಕೊಂಡ. ಸಂಜೆ ನಾಲ್ಕರ ಹೊತ್ತಿಗೆ ಚೀಟಿ ಬಂದಾಗಲೇ ಗೊತ್ತಾಗಿದ್ದು. ಅಷ್ಟರಲ್ಲಿ ಹೊತ್ತು ಮೀರಿತ್ತು. ಎರಡು ದಿನದ ಆ ಕದನದಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 11 ಸಾವಿರ. ಅದೇ ಸಂಜೆ ಜಾನ್‌ಸ್ಟನ್ ಕೂಡ ಗಾಯಗೊಂಡ, ಅವನ ಜಾಗಕ್ಕೆ ರಾಬರ್ಟ್ ಲೀ ಬಂದ. ಮುಂದಿನ ಮೂರು ವರ್ಷದ ಯುದ್ಧದ ದಿಕ್ಕು ಬದಲಾಗಿದ್ದು ಅಲ್ಲಿಂದ.

ನಾಲ್ಕು ವಾರದ ನಂತರ ಗೇನ್ಸ್ ಮಿಲ್ ಕದನದಲ್ಲಿ ಇನ್ನೂ ವಿಚಿತ್ರ. ಕಣಿವೆಯಾಚೆ ನಿಂತ ದಕ್ಷಿಣದ ಯುದ್ಧ ಮಂತ್ರಿ ಮತ್ತು ಅವನ ಸಹಾಯಕ ಹೊಗೆ, ಬೆಂಕಿಯ ಮಿಂಚು ಎಲ್ಲ ಕಣ್ಣಾರೆ ಕಂಡರು, ಸದ್ದು ಮಾತ್ರ ಕೇಳಲಿಲ್ಲ. ಮ್ಯೂಟ್ ಮಾಡಿದ ವಿಡಿಯೋ ನೋಡಿದ ಹಾಗೆ.

ಇದಕ್ಕೆ ಉತ್ತರ ಬಂದದ್ದು ಹಡಗುಗಳ ದೆಸೆಯಿಂದ. ಮಂಜು ಕವಿದಾಗ ದೀಪ ಕಾಣಲ್ಲ, ತೀರದಿಂದ ಕೊಂಬು ಊದಿ, ತೋಪು ಹಾರಿಸಿ ಎಚ್ಚರಿಸಬೇಕು. ಅದು ಎಷ್ಟು ದೂರ ಕೇಳಿಸುತ್ತೆ ಅನ್ನೋದರ ಮೇಲೆ ನಾವಿಕರ ಜೀವ ನಿಂತಿತ್ತು. 1873ರಲ್ಲಿ ಜಾನ್ ಟಿಂಡಾಲ್ ಇಂಗ್ಲೆಂಡಿನ ಸೌತ್ ಫೋರ್‌ಲ್ಯಾಂಡ್ ತೀರದಲ್ಲಿ ತಿಂಗಳುಗಟ್ಟಲೆ ಪರೀಕ್ಷೆ ಮಾಡಿದ. ಮಂಜು ಸದ್ದನ್ನು ನುಂಗುತ್ತೆ ಅಂತ ಎಲ್ಲರ ನಂಬಿಕೆ. ಅವನು ಕಂಡಿದ್ದು ತದ್ವಿರುದ್ಧ: ಆಕಾಶ ತಿಳಿಯಾಗಿದ್ದ ಕೆಲವು ದಿನ ಎರಡು ಮೂರು ಮೈಲಿಗೇ ಸದ್ದು ಕಳೆದುಹೋಗ್ತಿತ್ತು, ದಟ್ಟ ಮಂಜಿನಲ್ಲಿ ದೂರದವರೆಗೂ ಕೇಳಿಸ್ತಿತ್ತು. ಗಾಳಿಯಲ್ಲಿ ಕಣ್ಣಿಗೆ ಕಾಣದ ‘ಶಬ್ದದ ಮೋಡ’ಗಳಿವೆ ಅಂತ ಅವನು ವಿವರಿಸಿದ. ಆದರೆ ಸರಿಯಾದ ದಾರಿ ಹಿಡಿದಿದ್ದವನು ಸ್ಟೋಕ್ಸ್. ನೆಲದ ಹತ್ತಿರ ಗಾಳಿ ನಿಧಾನ, ಮೇಲೆ ಜೋರು, ಹಾಗಾಗಿ ಗಾಳಿಗೆ ಎದುರು ಹೋಗುವ ಸದ್ದು ಮೇಲಕ್ಕೆ ಬಾಗುತ್ತೆ ಅಂತ ಅವನು 1857ರಲ್ಲೇ ಹೇಳಿದ್ದ. ಆಸ್ಬೋರ್ನ್ ರೆನಾಲ್ಡ್ಸ್ 1874ರ ಸುಮಾರಿಗೆ ತಾಪಮಾನವನ್ನೂ ಸೇರಿಸಿದ: ಬಿಸಿ ಗಾಳಿಯಲ್ಲಿ ಸದ್ದಿಗೆ ವೇಗ ಜಾಸ್ತಿ, ಹಗಲು ನೆಲ ಕಾದಿರುವಾಗ ಸದ್ದು ಮೇಲಕ್ಕೆ ಬಾಗಿ ತಲೆ ಮೇಲೆ ಹಾದುಹೋಗುತ್ತೆ. ರಾತ್ರಿ ನೆಲ ತಣ್ಣಗಾದಾಗ ಕೆಳಕ್ಕೆ ಬಾಗುತ್ತೆ. ಹಳ್ಳಿಯಲ್ಲಿ ಬೆಳಗಿನ ಜಾವ ಎರಡು ಹರದಾರಿ ಆಚೆಯ ರೈಲಿನ ಕೂಗು ಕೇಳಿಸೋದು, ಮಧ್ಯಾಹ್ನ ಕೇಳಿಸದೇ ಇರೋದು ಇದರಿಂದ. ಜಾನ್‌ಸ್ಟನ್ ಕೂತಿದ್ದು ಇಂಥದ್ದೇ ಒಂದು ನೆರಳಿನಲ್ಲಿ ಅನ್ನೋದು ಈಗಿನ ವಿವರಣೆ.

ಮೇಲೆ ಹೋದ ಸದ್ದು ಏನಾಗುತ್ತೆ? 1901ರ ಫೆಬ್ರವರಿ 1, ವಿಕ್ಟೋರಿಯಾ ರಾಣಿಯ ಶವವನ್ನು ಹಡಗಿನಲ್ಲಿ ಪೋರ್ಟ್ಸ್‌ಮತ್‌ಗೆ ತಂದಾಗ ಸಾಲಾಗಿ ನಿಂತ ಯುದ್ಧನೌಕೆಗಳು ತೋಪು ಹಾರಿಸಿದವು. ಹತ್ತಿರದ ಎಷ್ಟೋ ಊರಿನವರಿಗೆ ಏನೂ ಕೇಳಲಿಲ್ಲ, 80 ಮೈಲಿಗೂ ಆಚೆಯವರು ಕೇಳಿಸಿಕೊಂಡು ಕಾಗದ ಬರೆದರು. 1921ರ ಸೆಪ್ಟೆಂಬರ್ 21ರಂದು ಜರ್ಮನಿಯ ಒಪ್ಪಾವ್‌ನಲ್ಲಿ ರಸಗೊಬ್ಬರ ಕಾರ್ಖಾನೆಯ ದಾಸ್ತಾನು ಸ್ಫೋಟಿಸಿ 500ಕ್ಕೂ ಹೆಚ್ಚು ಜನ ಸತ್ತರು. ಆಗಲೂ ಹಾಗೇ ಆಯ್ತು: ಸುತ್ತಮುತ್ತ ಕೇಳಿಸಿತು, ನಡುವೆ ಒಂದು ಮೌನದ ಪಟ್ಟಿ, ಅದರಾಚೆ ಮತ್ತೆ ಕೇಳಿಸಿತು. ಮೇಲೆ ಹೋದ ಸದ್ದು ಎಲ್ಲೋ ಬಿಸಿಯಾದ ಗಾಳಿಗೆ ತಾಗಿ ಕೆಳಕ್ಕೆ ಬಾಗಿ ವಾಪಸ್ ಬಂದಿರಬೇಕು. ಹಾಗಾದ್ರೆ ಅಷ್ಟು ಮೇಲೆ ಗಾಳಿ ಬಿಸಿ ಇರಬೇಕು! ಬಲೂನು ಹೋಗಲಾಗದ ಎತ್ತರ ಅದು. ಉಲ್ಕೆಗಳನ್ನು ನೋಡಿ ಲಿಂಡೆಮನ್ ಮತ್ತು ಡಾಬ್ಸನ್ ಅದೇ ಮಾತು ಹೇಳಿದರು, ವಿಪಲ್ 1923ರಲ್ಲಿ ಇಂಥ ಸ್ಫೋಟಗಳ ಸದ್ದಿಗೆ ಅದನ್ನು ಜೋಡಿಸಿದ. ಓಝೋನ್ ಬಿಸಿಲು ಹೀರಿ ಕಾಯಿಸಿದ ಪದರ ಅದು. ಜನ ಬರೆದ ‘ನಮಗೆ ಕೇಳಿಸಲಿಲ್ಲ’ ಅನ್ನೋ ಪತ್ರಗಳು ವಾಯುಮಂಡಲದ ತಾಪಮಾನ ಅಳೆಯೋಕೆ ನೆರವಾದವು. ಇದು ನನಗೆ ಈ ಇಡೀ ಕತೆಯಲ್ಲಿ ಅತಿ ಸುಂದರವಾದ ಭಾಗ.

ಕೊನೆಗೆ ಕ್ರಕಟೋವ. 1883ರ ಆಗಸ್ಟ್ 27ರ ಬೆಳಿಗ್ಗೆ ಸುಮಾತ್ರಾ ಮತ್ತು ಜಾವಾ ನಡುವಿನ ಆ ದ್ವೀಪ ಸಿಡಿಯಿತು. ಸುನಾಮಿ ಸೇರಿ 36 ಸಾವಿರಕ್ಕೂ ಹೆಚ್ಚು ಜನ ಸತ್ತರು. ಸುಮಾರು 4,800 ಕಿಲೋಮೀಟರ್ ದೂರದ ರೋಡ್ರಿಗ್ಸ್ ದ್ವೀಪದಲ್ಲಿ ಪೊಲೀಸ್ ಮುಖ್ಯಸ್ಥ ಜೇಮ್ಸ್ ವಾಲಿಸ್, ಪೂರ್ವದ ಕಡೆಯಿಂದ ದೊಡ್ಡ ತೋಪುಗಳ ಹಾಗೆ ಗುಡುಗಿನ ಸದ್ದು ಬಂತು ಅಂತ ದಾಖಲಿಸಿದ. ಸ್ಫೋಟವಾಗಿ ಸುಮಾರು ನಾಲ್ಕು ಗಂಟೆ ಕಳೆದಿತ್ತು. 160 ಕಿಲೋಮೀಟರ್ ದೂರದ ಬಟಾವಿಯಾದ ಗ್ಯಾಸ್ ಕಾರ್ಖಾನೆಯ ಮಾಪಕ ತೋರಿಸಿದ ಒತ್ತಡವನ್ನು ಈಗಿನ ಅಳತೆಗೆ ತಂದರೆ ಸುಮಾರು 172 ಡೆಸಿಬಲ್. ರೋಡ್ರಿಗ್ಸ್ ಅದರ 30 ಪಟ್ಟು ದೂರ, ಗೋಳದ ಲೆಕ್ಕದಲ್ಲಿ 30 ಡೆಸಿಬಲ್ ಕಡಿಮೆ, ಅಂದ್ರೆ ಇನ್ನೂ 142 ಉಳಿಯಬೇಕು. ಅಷ್ಟಿದ್ದರೆ ವಾಲಿಸ್ ಕಿವಿ ಮುಚ್ಚಿಕೊಂಡು ಕೂರಬೇಕಿತ್ತು. ಕಿವಿಗೆ ಕೇಳಿಸುವ ಸದ್ದಿನ ಬಹುಪಾಲನ್ನು ದಾರಿಯಲ್ಲಿ ಗಾಳಿ ನುಂಗಿತ್ತು, ಉಳಿದದ್ದರಲ್ಲಿ ಹೆಚ್ಚಿನದು ಮನುಷ್ಯನ ಕಿವಿಗೆ ಸಿಗದಷ್ಟು ನಿಧಾನದ ಅಲೆ. ಆ ಅಲೆಯನ್ನು ಜಗತ್ತಿನ ವಾಯುಭಾರ ಮಾಪಕಗಳು ಮುಂದಿನ ಐದು ದಿನ ಮತ್ತೆ ಮತ್ತೆ ಗುರುತಿಸಿದವು. ಅದು ಭೂಮಿಯನ್ನು ಸುತ್ತು ಹಾಕ್ತಾನೇ ಇತ್ತು.

ಇಂಥ ಅಲೆ ಗೋಳವಾಗಿ ಹರಡಲ್ಲ. ವಾಯುಮಂಡಲ ತೆಳ್ಳಗಿನ ಚಿಪ್ಪು, ಅದರೊಳಗೆ ಚಪ್ಪಟೆಯಾಗಿ, ಕೆರೆಯ ಅಲೆಯ ಹಾಗೆ ಹರಡುತ್ತೆ. ಭೂಮಿ ದುಂಡಗಿರೋದ್ರಿಂದ 10 ಸಾವಿರ ಕಿಲೋಮೀಟರ್ ದಾಟಿದ ಮೇಲೆ ಹರಡುವುದು ನಿಂತು ಎದುರು ತುದಿಯ ಕಡೆಗೆ ಮತ್ತೆ ಕೂಡಿಕೊಳ್ಳೋಕೆ ಶುರುವಾಗುತ್ತೆ.

2022ರ ಜನವರಿ 15ರಂದು ಇದೇ ಇನ್ನೊಮ್ಮೆ ನಡೆಯಿತು. ಟೋಂಗಾ ಬಳಿಯ ಸಮುದ್ರದಲ್ಲಿ ಹುಂಗಾ ಜ್ವಾಲಾಮುಖಿ ಸಿಡಿಯಿತು, ಸದ್ದು ಅಲಾಸ್ಕಾದಲ್ಲೂ ಜನರ ಕಿವಿಗೆ ಬಿತ್ತು. ನಮ್ಮ ಗಡಿಯಾರದಲ್ಲಿ ಆಗ ಬೆಳಿಗ್ಗೆ ಹತ್ತರ ಹತ್ತಿರ, ಎಳ್ಳುಬೆಲ್ಲದ ಹಬ್ಬದ ದಿನಗಳು. ಟೋಂಗಾದಿಂದ ಬೆಂಗಳೂರಿಗೆ 12 ಸಾವಿರ ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಸೆಕೆಂಡಿಗೆ 310ರಿಂದ 320 ಮೀಟರ್ ವೇಗದ ಆ ಅಲೆ ಅವತ್ತು ರಾತ್ರಿ ಎಂಟೂವರೆ, ಒಂಬತ್ತರ ಆಸುಪಾಸಿನಲ್ಲಿ ಬೆಂಗಳೂರು, ಚೆನ್ನೈ, ಹೈದರಾಬಾದ್, ಪುಣೆಗಳ ಮೇಲೆ ಹಾದುಹೋಯಿತು. ಆಗಲೇ ಅರ್ಧ ದಾರಿ ದಾಟಿ ಮತ್ತೆ ಕೂಡಿಕೊಳ್ತಾ ಇದ್ದ ಅಲೆ ಅದು. ವಾಯುಭಾರ ಒಂದೆರಡು ಹೆಕ್ಟೊಪಾಸ್ಕಲ್ ಏರಿ ಇಳಿಯುವಷ್ಟು ಅಲೆ. ನಾವು ಊಟ ಮಾಡ್ತಿದ್ವಿ, ಯಾರಿಗೂ ಕೇಳಿಸಲಿಲ್ಲ.